ಊರಿಗೊಬ್ಬನೇ ಗಂಡಾಳು

"ಎಡಕ್ಕ ತಿರುವೋ ಹುಡುಗಾ, ಎಡಕ್ಕ! ಬಲಕ್ಕ ತಿರುವಿದ್ರ ಇನ್ನಾ ಬಿಗೀತದ!"

ನೀರಿನ ಟಾಕಿಯ ಏಣಿಯ ಮೇಲೆ, ನೆಲದಿಂದ ಎರಡಾಳೆತ್ತರದಲ್ಲಿ, ಒಂದೇ ಕಾಲ ಮೇಲೆ ಭಾರ ಹಾಕಿ ನಿಂತು ತುಕ್ಕು ಹಿಡಿದ ವಾಲ್ವಿನ ಜೊತೆ ಗುದ್ದಾಡುತ್ತಿದ್ದ ಮಚ್ಛೇಂದ್ರನಿಗೆ ಕೈಯಲ್ಲಿದ್ದ, ನಟ್ಟು ತಿರುವುವ ಪಾನಾ ಕೆಳಕ್ಕೆ ಒಗೆದುಬಿಡಬೇಕು ಅನ್ನಿಸಿತು. ಒಗೆದಿದ್ದರೆ ಅದು ನೇರವಾಗಿ ನಜಮೋದ್ದೀನನ ಟೊಪ್ಪಿಗೆಯ ಮೇಲೇ ಬೀಳುತ್ತಿತ್ತು. ಎಪ್ಪತ್ತೆಂಟು ವರ್ಷದ ನಜಮೋದ್ದೀನ ಜೀವಮಾನವಿಡೀ ಅಂಗಿ, ಪೈಜಾಮ ಹೊಲಿದವನು. ಹೊಲಿಗೆ ಯಂತ್ರ ಬಿಟ್ಟು ಬೇರೆ ಯಂತ್ರ ಮುಟ್ಟಿದವನಲ್ಲ. ಅವನ ಪಕ್ಕದಲ್ಲಿ ಅವನದೇ ವಯಸ್ಸಿನ ಇನ್ನೂ ಮೂವರು ಹಣೆಗೆ ಕೈ ಹಚ್ಚಿಕೊಂಡು ಮೇಲೆ ನೋಡುತ್ತ ನಿಂತಿದ್ದರು. ಭಾಲ್ಕಿಯ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ನಟ್ಟು ಬೋಲ್ಟು ತಿರುವಿ ನಿವೃತ್ತನಾದ ಮೆಕ್ಯಾನಿಕ್‌ಗೆ ಈ ನಾಲ್ವರೂ ಕೂಡಿ ಎಡ ಯಾವುದು, ಬಲ ಯಾವುದು ಎಂದು ಕಲಿಸುತ್ತಿದ್ದರು.

ಅವರು ಹುಡುಗಾ ಎಂದು ಕರೆಯುತ್ತಿದ್ದ ಮಚ್ಛೇಂದ್ರನಿಗೆ ಬರುವ ಜೂನಿಗೆ ಅರವತ್ಮೂರು ತುಂಬುತ್ತಿತ್ತು.

ಅವರದೂ ತಪ್ಪಿರಲಿಲ್ಲ. ಔರಾದದಿಂದ ಕಮಲನಗರದ ಕಡೆಗೆ ಹೋಗುವ ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರ್ ಒಳಗಿರುವ ಅವರ ಊರು ಕೊಂಡಿವಾಡಿಯಲ್ಲಿ ತೊಂಬತ್ತು ಮನೆಗಳಿದ್ದವು. ಬಾಗಿಲು ತೆರೆದಿರುವವು ಮೂವತ್ತೆಂಟು. ಆ ಮೂವತ್ತೆಂಟರಲ್ಲಿ ಗಂಡಸರ ಪೈಕಿ ಎಲ್ಲರಿಗಿಂತ ಚಿಕ್ಕವನು ಮಚ್ಛೇಂದ್ರನೇ. ಹರೆಯದ ಗಂಡಸರು ಮೊದಲು ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋದರು. ಆಮೇಲೆ ಕಾರ್ಖಾನೆಗೆಂದು ಪುಣೆಗೆ. ಅವರಾದರೂ ಹಬ್ಬಕ್ಕೆ ಬಂದು ಹೋಗುತ್ತಿದ್ದರು. ಊರು ನಿಜವಾಗಿ ಖಾಲಿಯಾದದ್ದು ಸಾಲಿಯಿಂದ. ಮಕ್ಕಳನ್ನು ಇಂಗ್ಲಿಷ್ ಸಾಲಿಗೆ ಹಾಕಬೇಕೆಂದು ಒಬ್ಬೊಬ್ಬರೇ ಬೀದರದಲ್ಲಿ ಬಾಡಿಗೆಗೆ ಖೋಲಿ ಹಿಡಿದರು. ಮಕ್ಕಳ ಹಿಂದೆ ತಾಯಂದಿರು ಹೋದರು, ತಾಯಂದಿರ ಹಿಂದೆ ಗ್ಯಾಸ್ ಒಲೆ ಹೋಯಿತು, ಗ್ಯಾಸ್ ಒಲೆ ಹೋದ ಮನೆಗೆ ಮತ್ತೆ ಯಾರು ಬರುತ್ತಾರೆ? ಎರಡು ವರ್ಷದ ಹಿಂದೆ ಊರಿನ ನೀರುಗಂಟಿಯೂ ಹೈದರಾಬಾದಿನ ಯಾವುದೋ ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆಗಿ ಹೊರಟುಹೋದ. ಅದೇ ತಿಂಗಳು, ಇನ್ನು ನಾಲ್ಕೆಕರೆ ಹೊಲ ನೋಡಿಕೊಂಡು ಹಾಯಾಗಿ ಕೂಡಬೇಕೆಂದು ಮಚ್ಛೇಂದ್ರ ಭಾಲ್ಕಿಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದ.

ಕೂಡಲು ಯಾರು ಬಿಟ್ಟರು? ಮೊದಲ ವಾರ ಯಾರೋ ಬಂದು, "ಮಚ್ಛೇಂದ್ರಾ, ಬೋರಿನ ಮೋಟರ್ ಜರಾ ನೋಡ್ತೀಯೇನು" ಎಂದರು. ನೋಡಿದ. ಅಷ್ಟೇ ತಪ್ಪಾಯಿತು. ಅಂದಿನಿಂದ ಮೋಟರು, ಟಾಕಿ, ಬೀದಿ ದೀಪ, ಗ್ಯಾಸ್ ಸಿಲಿಂಡರು, ರೇಷನ್ ಅಕ್ಕಿಯ ಚೀಲ, ತಗಡಿನ ಪತ್ರಾದ ಮೇಲೆ ಸತ್ತು ಬಿದ್ದ ಕೋತಿ, ಯಾರದೋ ಮೊಬೈಲಿಗೆ ಬಂದ ಮೆಸೇಜು, ಎಲ್ಲವೂ ಅವನ ತಲೆಗೇ ಬಂದವು.

ಈಗ ಕಿಸೆಯಲ್ಲಿ ಫೋನು ರಿಂಗಾಗತೊಡಗಿತು. ಒಂದು ಕೈಯಿಂದ ಏಣಿ ಹಿಡಿದು ಇನ್ನೊಂದರಿಂದ ಎತ್ತಿದ. ಹೆಂಡತಿ ಶಾಲುಬಾಯಿ, ಬೀದರದಿಂದ.

"ಎಲ್ಲಿದ್ದೀರಿ?"

"ಟಾಕಿ ಮ್ಯಾಲ."

"ಆ ಊರಾಗ ಬ್ಯಾರೆ ಗಂಡಸ್ರೇ ಇಲ್ಲೇನ್ರಿ?"

"ಅದಾರಲ್ಲ, ನಾಕ್ ಮಂದಿ. ಕೆಳಗ ನಿಂತು ದಾರಿ ತೋರಸ್ಲತ್ತಾರ."

"ಇವತ್ತೇ ಹೊಂಟು ಬರ್ರಿ. ಇಲ್ಲಿ ಮೊಮ್ಮಗ ನಡೀಲಿಕ್ಕಿ ಕಲ್ತದ. ಆ ಊರಿಗೇನು ನೀವು ಬರ್ದು ಕೊಟ್ಟೀರೇನು?"

ಶಾಲುಬಾಯಿ ಸೊಸೆಯ ಬಾಣಂತನಕ್ಕೆಂದು ಮೂರು ತಿಂಗಳಿಗೆ ಹೋದವಳು. ಸೊಸೆ ಮತ್ತೆ ನೌಕರಿಗೆ ಹೋಗತೊಡಗಿದ ಮೇಲೆ ಆ ಮೂರು ತಿಂಗಳು ಹದಿನಾಲ್ಕಾಗಿದ್ದವು. ಮಚ್ಛೇಂದ್ರ ಏನೋ ಹೇಳಹೊರಟ. ಅಷ್ಟರಲ್ಲಿ ಕೆಳಗೆ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಹೋಗುತ್ತಿದ್ದ ಅವನ ಓಣಿಯ ಸುಮನ ನಿಂತು, ಕತ್ತು ತಿರುಗಿಸಲಾಗದೆ ಇಡೀ ಮೈ ತಿರುಗಿಸಿ, "ಕಾಕಾ, ಜರಾ ಡೀಸೆಲ್ ಬಿಟ್ಟು ಒಂದ್ ತಾಸು ಸುಮ್ಮ ಬಿಡ್ರಿ. ತಾನೇ ಬಿಡ್ತದ" ಎಂದಳು.

"ನೀ ಹೋಗವ್ವಾ, ನಿನ್ನ ಎಮ್ಮಿ ಕಾಯ್ಲತ್ತದ" ಎಂದ ನಜಮೋದ್ದೀನ.

ಅವಳು ಹೇಳಿದ್ದು ಸರಿಯಾಗಿತ್ತು. ಅದೇ ಮಚ್ಛೇಂದ್ರನಿಗೆ ಇನ್ನಷ್ಟು ಸಿಟ್ಟು ತರಿಸಿತು. ಫೋನು ಕಿಸೆಗೆ ಹಾಕಿ, ಪಾನಾಕ್ಕೆ ಮೈಯ ಭಾರವನ್ನೆಲ್ಲ ಹಾಕಿ ಒತ್ತಿದ. ವಾಲ್ವು ಅಲುಗಲಿಲ್ಲ, ಕಾಲು ಜಾರಿತು. ಎರಡು ಮೆಟ್ಟಿಲು ಕೆಳಗೆ ಬಂದು ಮೊಣಕಾಲ ಕೆಳಗಿನ ಚರ್ಮ ಕೀಸಿಕೊಂಡು ಏಣಿಯನ್ನು ತಬ್ಬಿ ನಿಂತಾಗ ಕೆಳಗಿನಿಂದ ನಾಲ್ಕು ದನಿಗಳು ಒಟ್ಟಿಗೆ ಕೇಳಿದವು: "ನಾ ಹೇಳಿದ್ದಿಲ್ಲೇನು?"

ಇಳಿದು ಬಂದವನೇ ಪಾನಾವನ್ನು ನಜಮೋದ್ದೀನನ ಕೈಗೆ ಕೊಟ್ಟ. "ಇನ್ ಮುಂದ ಎಡಕ್ಕರೆ ತಿರುವ್ರಿ, ಬಲಕ್ಕರೆ ತಿರುವ್ರಿ. ನಾ ಬೀದರಕ ಹೋಗ್ತೇನಿ."

"ಯಾವಾಗ ಬರ್ತೀ?"

"ಬರಂಗಿಲ್ಲ."

ನಾಲ್ವರೂ ನಕ್ಕರು. ಅವನು ನಗಲಿಲ್ಲ.

ಮರುದಿನ ಹೊರಡುವ ಹೊತ್ತಿಗೆ ಊರಿಗೆಲ್ಲ ಸುದ್ದಿ ಹರಡಿತ್ತು. ಯಾರೂ ಇರು ಅನ್ನಲಿಲ್ಲ. ಆದರೆ ಹೋಗುವ ಮುಂಚೆ ಮಾಡಿ ಹೋಗು ಅಂತ ಎಲ್ಲರ ಬಳಿಯೂ ಒಂದೊಂದು ಕೆಲಸವಿತ್ತು. ಒಬ್ಬರ ಫ್ಯಾನು ತಿರುಗುತ್ತಿರಲಿಲ್ಲ, ಇನ್ನೊಬ್ಬರ ಬಾಗಿಲಿನ ಕೊಂಡಿ ಹಾಕಲು ಬರುತ್ತಿರಲಿಲ್ಲ. ಕಡೆಗೆ ಓಣಿಯ ಕೊನೆಯ ಮನೆಗೆ ಹೋದ. ಅಲ್ಲಿ ಎಂಬತ್ತಾರು ವರ್ಷದ ಸುಭದ್ರಾಬಾಯಿ ಹೊರಸಿನ ಮೇಲೆ ಗೋಡೆಗೊರಗಿ ಕೂತಿದ್ದಳು. ಸಂಬಂಧದಲ್ಲಿ ಅವನಿಗೆ ಸೋದರತ್ತೆಯಾಗಬೇಕು. ಅವಳ ಒಬ್ಬನೇ ಮಗ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿ ಬಿದ್ದು ತೀರಿಹೋಗಿ ಹತ್ತು ವರ್ಷವಾಗಿತ್ತು. ಆ ಮಗನ ಹೆಂಡತಿಯೇ ಸುಮನ. ಹೊಲ, ಎಮ್ಮೆ, ಸೊಂಟ ಬಿದ್ದ ಅತ್ತೆ ಎಲ್ಲವನ್ನೂ ಅವಳೊಬ್ಬಳೇ ನೋಡಿಕೊಂಡಿದ್ದಳು. ಮಗಳನ್ನು ಬೀದರದ ಹಾಸ್ಟೆಲ್ಲಿನಲ್ಲಿಟ್ಟು ನರ್ಸಿಂಗ್ ಓದಿಸುತ್ತಿದ್ದಳು.

"ಆತ್ಯಾ, ಹೋಗಿ ಬರ್ತೇನಿ" ಎಂದ ಮಚ್ಛೇಂದ್ರ.

"ಹೋಗಪ್ಪಾ. ಎಲ್ಲಾರೂ ಹೋದ್ರು, ನೀ ಯಾಕ ಉಳೀಬೇಕು." ಮುದುಕಿಯ ದನಿಯಲ್ಲಿ ದೂರು ಇರಲಿಲ್ಲ. "ಅಲ್ಲಿ ಹೆಂಗರೆ ಅದ? ಕೂಡಲಿಕ್ಕಿ ಜಾಗಾ ಅದ ಏನು?"

"ಕೂಡಲಿಕ್ಕೇ ಹೊಂಟೀನಿ ಆತ್ಯಾ."

"ಛಲೋ ಆತು. ನೀ ಕೂತಿದ್ದು ನಾ ನೋಡೇ ಇಲ್ಲ."

ಬೀದರದಲ್ಲಿ ಮಗ ಅನೀಲಕುಮಾರನ ಮನೆ ಮೈಲೂರಿನ ಆಚೆಗಿನ ಹೊಸ ಬಡಾವಣೆಯಲ್ಲಿ, ಎರಡನೆಯ ಮಹಡಿಯ ಮೇಲಿತ್ತು. ಮಚ್ಛೇಂದ್ರ ಹೊಸದಾಗಿ ನೌಕರಿಗೆ ಸೇರಿದ ಕಾಲದಲ್ಲಿ ಆ ಜಾಗದಲ್ಲೆಲ್ಲ ಕಡಲೆ ಹೊಲ. ಈಗ ಗೋಡೆಗೆ ಗೋಡೆ ಹತ್ತಿಸಿ ಕಟ್ಟಿದ ಮನೆಗಳು; ಒಂದು ಮನೆಯವರು ಕೆಮ್ಮಿದರೆ ಮೂರು ಮನೆಗೆ ಕೇಳುತ್ತಿತ್ತು. ನೀರಿನ ಟ್ಯಾಂಕರು ಬಂದ ದಿನ ಬೀದಿಯ ತುಂಬ ಕೊಡಗಳ ಸಾಲು. ಆ ಸಾಲಿನಲ್ಲಿ ನಿಂತವರನ್ನು ಮಾತಾಡಿಸಿದರೆ ಒಬ್ಬರೂ ಬೀದರದವರಲ್ಲ. ಔರಾದ ಕಡೆಯವರು, ಭಾಲ್ಕಿ ಕಡೆಯವರು, ಕಮಲನಗರದ ಆಚೆಗಿನವರು. ಎಲ್ಲರ ಊರಿನಲ್ಲೂ ಬೀಗ ಹಾಕಿದ ಮನೆಯೊಂದಿತ್ತು, ಎಲ್ಲರೂ ಇಲ್ಲಿ ಕೊಡ ಹಿಡಿದುಕೊಂಡು ನಿಂತಿದ್ದರು.

ಮೊದಲೆರಡು ದಿನ ಮೊಮ್ಮಗನನ್ನು ಆಡಿಸುವುದರಲ್ಲಿ ಕಳೆಯಿತು. ಮೂರನೆಯ ದಿನ ಅಡುಗೆಮನೆಯ ನಳ ತೊಟ್ಟಿಕ್ಕುವುದು ಅವನ ಕಿವಿಗೆ ಬಿತ್ತು. ಸ್ಟೂಲು ಎಳೆದುಕೊಂಡು, ಎಲ್ಲೋ ಇದ್ದ ಇಕ್ಕಳ ಹುಡುಕಿ ಕೈ ಹಚ್ಚಬೇಕು, ಅಷ್ಟರಲ್ಲಿ ಸೊಸೆ ಮಹಾಮಾಯಾ ಓಡಿ ಬಂದಳು.

"ಮಾವಾ, ಬ್ಯಾಡ್ರಿ, ಇಳೀರಿ! ಬಿದ್ದೀರಿ!"

"ಇದು ಸ್ಟೂಲ್ ಅದವ್ವಾ. ಒಂದೂವರಿ ಫೂಟು."

"ಈ ವಯಸ್ಸಿನಾಗ ಒಂದೂವರಿ ಫೂಟೇ ಭಾಳ ಆಗ್ತದರಿ. ಎಲುಬು ಮುರಿದ್ರ ಕೂಡಂಗಿಲ್ಲ." ಅವಳು ಖಾಸಗಿ ಸಾಲಿಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು, ಹೇಳಿದ್ದನ್ನು ಮಕ್ಕಳು ಒಪ್ಪಿಕೊಳ್ಳುವ ಅಭ್ಯಾಸವಿತ್ತು. ಇಕ್ಕಳ ಅವನ ಕೈಯಿಂದ ಹೋಯಿತು.

ಅದೇ ಸಂಜೆ, ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದ ಅನೀಲಕುಮಾರ ಬಂದು ಅಪ್ಪನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದ. ಸ್ವಲ್ಪ ಹೆಚ್ಚಿತ್ತು. ಹೆಚ್ಚಿರದೆ ಏನಾದೀತು? ಮರುದಿನದಿಂದ ಸಾರಿನ ಉಪ್ಪು ಹೋಯಿತು, ಉಪ್ಪಿನಕಾಯಿ ಹೋಯಿತು. ಬೆಳಗ್ಗೆ ಪಾರ್ಕಿಗೆ ಹೋಗಬೇಕು, ಹೋಗುವಾಗ ಬೂಟು ಹಾಕಿಕೊಳ್ಳಬೇಕು, ರಸ್ತೆ ದಾಟುವಾಗ ಯಾರದಾದರೂ ಕೈ ಹಿಡಿಯಬೇಕು. ಪಾರ್ಕಿನಲ್ಲಿ 'ಹಿರಿಯ ನಾಗರಿಕರಿಗೆ' ಎಂದು ಬರೆದ ಒಂದು ಬೆಂಚಿತ್ತು. ಮೊದಲ ದಿನ ಅವನು ಅದರ ಎದುರಿಗೆ ನಿಂತೇ ಇದ್ದ. ಒಬ್ಬ ಕಾಲೇಜು ಹುಡುಗಿ ಎದ್ದು, "ಬರ್ರಿ ಅಜ್ಜಾ, ಕೂಡ್ರಿ" ಎಂದು ಜಾಗ ಬಿಟ್ಟುಕೊಟ್ಟಳು. ಅಜ್ಜಾ! ಇನ್ನೂ ಎಂಟು ದಿನದ ಹಿಂದೆ ಅವನು ರೇಷನ್ ಚೀಲ ಎರಡೆರಡು ಒಮ್ಮೆಗೇ ಹೊತ್ತವನು.

ನಳ ರಿಪೇರಿಗೆ ಪ್ಲಂಬರ್ ಬಂದದ್ದು ಐದನೆಯ ದಿನ. ಫೈಜಲ ಎಂದು ಹೆಸರು, ನಲವತ್ತರ ಆಸುಪಾಸು. ಮಾತಾಡುತ್ತ ಆಡುತ್ತ ಕೊಂಡಿವಾಡಿಯ ಪಕ್ಕದ ಊರಿನವನೇ ಎಂದು ಗೊತ್ತಾಯಿತು.

"ನಿಮ್ಮೂರಾಗ ನಳ ಕೆಟ್ರ ಯಾರು ಮಾಡ್ತಾರ?" ಎಂದು ಮಚ್ಛೇಂದ್ರ ಕೇಳಿದ.

"ಊರಾಗ ಯಾರ ಅದಾರ ಚಾಚಾ ಮಾಡೋರು? ಎಲ್ಲಾ ಮುದುಕ್ರು."

"ನೀ ಇದ್ದೀಯಲ್ಲ?"

"ನಾ ಇಲ್ಲಿದ್ದೀನಲ್ರಿ!" ಫೈಜಲನಿಗೆ ಪ್ರಶ್ನೆಯೇ ವಿಚಿತ್ರವೆನ್ನಿಸಿತು. ಮಚ್ಛೇಂದ್ರ ಬಗ್ಗಿ, ವಾಶರ್ ಅನ್ನು ತಿರುವುಮುರುವಾಗಿ ಹಾಕುತ್ತಿದ್ದೀಯಲ್ಲ ಎಂದು ಬೆರಳು ತೋರಿಸಿದ. ಫೈಜಲ ಮರ್ಯಾದೆಯಿಂದ ಆ ಬೆರಳನ್ನು ಪಕ್ಕಕ್ಕೆ ಸರಿಸಿ, "ಚಾಚಾ, ನೀವು ಆರಾಮ ಕೂಡ್ರಿ" ಎಂದ. ನಳ ಮರುದಿನವೂ ತೊಟ್ಟಿಕ್ಕುತ್ತಿತ್ತು.

"ಕೂಡು ಅಂದ್ರ ಕೂಡಲಿಕ್ಕೂ ಬರಂಗಿಲ್ಲ ನಿಮಗ" ಎಂದು ಶಾಲುಬಾಯಿ ಬೇಸರಪಟ್ಟಳು. ಅವಳು ಇಲ್ಲಿಗೆ ಒಗ್ಗಿಹೋಗಿದ್ದಳು. ಮಧ್ಯಾಹ್ನ ಮೊಮ್ಮಗ ಮಲಗಿದ ಮೇಲೆ ಅವಳಂತೆಯೇ ಮೊಮ್ಮಕ್ಕಳನ್ನು ನೋಡಲೆಂದು ಬಂದು ಉಳಿದ ಐದಾರು ಹೆಂಗಸರು ಮೆಟ್ಟಿಲ ಮೇಲೆ ಸೇರುತ್ತಿದ್ದರು. ಅವರವರ ಊರಿನ ಮಾತು, ಅವರವರ ಸೊಸೆಯಂದಿರ ಮಾತು. ಊರಲ್ಲಿದ್ದಾಗ ಇಷ್ಟು ನಕ್ಕಿದ್ದನ್ನು ಮಚ್ಛೇಂದ್ರ ಕೇಳಿರಲಿಲ್ಲ. "ಊರಾಗ ಯಾರಿದ್ರು ನನಗ ಮಾತಾಡ್ಲಿಕ್ಕಿ?" ಎಂದಳು ಒಮ್ಮೆ. "ನೀವೋ ಟಾಕಿ ಮ್ಯಾಲ."

ಊರಿನಿಂದ ಬರುವ ಫೋನುಗಳೇನೂ ನಿಂತಿರಲಿಲ್ಲ. ಮೊದಲ ವಾರ ದಿನಕ್ಕೆ ಹತ್ತು, ಹನ್ನೊಂದು. "ಸ್ಟಾರ್ಟರಿನ ಕೆಂಪು ಬಟನ್ನೋ ಹಸಿರೋ?" "ಹಸಿರು. ಹಸಿರ್ರಿ! ಕೆಂಪು ಒತ್ತಿದ್ರ ಬಂದಾಗ್ತದ!" ಪಾರ್ಕಿನಲ್ಲಿ ಅವನು ಕೂಗುವುದನ್ನು ಕೇಳಿ ಬೂಟು ಹಾಕಿಕೊಂಡ ಬೇರೆ ಮುದುಕರು ತಿರುಗಿ ನೋಡುತ್ತಿದ್ದರು. ಊಟಕ್ಕೆ ಕೂತಾಗ ಫೋನು, ಮಲಗಿದಾಗ ಫೋನು. ಅನೀಲಕುಮಾರ ನಂಬರ್ ಬದಲಾಯಿಸೋಣ ಎಂದ. ಎರಡನೆಯ ವಾರ ನಾಲ್ಕಕ್ಕೆ ಇಳಿದವು. ಮೂರನೆಯ ವಾರದಲ್ಲಿ ಒಂದೂ ಬರಲಿಲ್ಲ.

ಎರಡು ದಿನ ಅವನಿಗೆ ಹಾಯೆನಿಸಿತು. ಮೂರನೆಯ ದಿನ ಫೋನು ಕೆಟ್ಟಿದೆಯೇನೋ ಎಂದು ಮಗನ ಫೋನಿನಿಂದ ತನಗೇ ಮಾಡಿ ನೋಡಿದ. ರಿಂಗಾಯಿತು. ನಾಲ್ಕನೆಯ ದಿನ ತಡೆಯಲಾಗದೆ ನಜಮೋದ್ದೀನನಿಗೆ ತಾನೇ ಫೋನು ಹಚ್ಚಿದ.

"ನೀರು ಬರ್ಲತ್ತದೇನು?"

"ಬರ್ಲತ್ತದಲ್ಲ. ಮುಂಜಾನಿ ಏಳಕ್ಕ."

"ಏಳಕ್ಕ? ದಿನಾ ಏಳಕ್ಕ?" ಅವನ ಕಾಲದಲ್ಲಿ ನೀರು ಬರುವುದಕ್ಕೆ ಹೊತ್ತೆಂಬುದೇ ಇರಲಿಲ್ಲ. "ಯಾರು ಬಿಡ್ತಾರ?"

"ಸುಮನ."

"ಯಾವ ಸುಮನ?"

"ಅರೇ ಭೈ, ಊರಾಗ ಎಷ್ಟ್ ಸುಮನ ಅದಾರ? ನಿನ್ನ ಓಣಿಯಾಕಿ. ವಾಲ್ವಿಗಿ ಡೀಸೆಲ್ ಬಿಟ್ಳು. ಈಗ ಎರಡು ಬೆರಳಿಂದ ತಿರಗ್ತದ."

ಸಂತೋಷಪಡಬೇಕಾದ ಮಾತು. ಮಚ್ಛೇಂದ್ರ ಫೋನಿಟ್ಟು, ಉಪ್ಪಿಲ್ಲದ ಸಾರು ಉಂಡು, ಸುಮ್ಮನೆ ಗೋಡೆ ನೋಡುತ್ತ ಕೂತ. ಶಾಲುಬಾಯಿ ಏನಾಯಿತೆಂದು ಕೇಳಿದ್ದಕ್ಕೆ, "ಏನೂ ಆಗಿಲ್ಲ. ಅದೇ, ಏನೂ ಆಗಿಲ್ಲ" ಎಂದು ಸಿಡುಕಿದ.

ಏಪ್ರಿಲ್ ಎರಡನೆಯ ವಾರ, ಬುಧವಾರ ಬೆಳಗ್ಗೆ ಫೋನು ಬಂತು. ಸುಮನಳ ದನಿ.

"ಕಾಕಾ, ಅತ್ತಿ ಹೋದ್ರು. ನಸುಕಿನ್ಯಾಗ. ಚಹಾ ಕೊಡಬೇಕಂತ ಎಬ್ಬಿಸ್ಲಿಕ್ಕಿ ಹೋದೆ." ಅವಳು ಅಳುತ್ತಿರಲಿಲ್ಲ. "ಬಿಸಿಲು ಭಾಳ ಅದ, ಸಂಜಿ ತನಕ ಇಡ್ಲಿಕ್ಕಿ ಬರಂಗಿಲ್ಲ. ಎರಡಕ್ಕ ಒಯ್ಯಾಮಂತ ಮಾಡೀವಿ. ನೀವು ಬರ್ತೀರೇನು?"

ಮೊಮ್ಮಗನಿಗೆ ಜ್ವರ ಬಂದು ಎರಡು ದಿನವಾಗಿತ್ತು. "ನೀವು ಮುಂದ ಹೋಗ್ರಿ, ಮೂರನೇ ದಿನಕ್ಕ ನಾ ಬರ್ತೇನಿ" ಎಂದಳು ಶಾಲುಬಾಯಿ, ಕಣ್ಣೊರೆಸಿಕೊಳ್ಳುತ್ತ. ಅನೀಲಕುಮಾರ ಡ್ಯೂಟಿಗೆ ಹೋಗಿದ್ದ. ಮಹಾಮಾಯಾ ಬೂಟು ತಂದಿಟ್ಟಳು. ಮಚ್ಛೇಂದ್ರ ಅದನ್ನು ಕಾಲಿನಿಂದ ಬದಿಗೆ ತಳ್ಳಿ ಚಪ್ಪಲಿ ಮೆಟ್ಟಿ ಹೊರಟ.

ಬಸ್ ನಿಲ್ದಾಣದಲ್ಲಿ ಔರಾದದ ಬಸ್ಸು ಆಗಷ್ಟೇ ಹೊರಟುಹೋಗಿತ್ತು. ಹೊರಗೆ, ಭಾಲ್ಕಿಯ ಮೇಲೆ ಹಾದು ಕಮಲನಗರಕ್ಕೆ ಹೋಗುವ ಕ್ರೂಸರ್ ಜೀಪೊಂದು ಕೂಗಿ ಕೂಗಿ ಜನ ಹತ್ತಿಸಿಕೊಳ್ಳುತ್ತಿತ್ತು. ಹತ್ತಿ ಕೂತ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಲೆಕ್ಕ: ಹೆಗಲು ಕೊಡುವವರು ಯಾರು? ತಾನೊಬ್ಬ. ಇನ್ನೊಬ್ಬ? ನಜಮೋದ್ದೀನನಿಗೆ ಮೊಣಕಾಲಿಲ್ಲ. ಕೆಳಗಿನ ಓಣಿಯ ಅಬ್ದುಲ ಅಜೀಜನಿಗೆ ಕಣ್ಣಿಲ್ಲ. ಬಾಗಿಲು ತೆರೆದ ಮೂವತ್ತೆಂಟು ಮನೆಗಳನ್ನು ಒಂದೊಂದಾಗಿ ಹೊಕ್ಕು ಬಂದರೂ ನಾಲ್ಕು ಹೆಗಲು ಕೂಡಲಿಲ್ಲ. ತಾನು ಹೋಗದಿದ್ದರೆ ಆತ್ಯಾಳ ಹೆಣ ಅಂಗಳದಲ್ಲೇ ಬಿಸಿಲಿಗೆ ಕಾಯುತ್ತ ಮಲಗಿರುತ್ತದೆ. ತಾನೇಕೆ ಊರು ಬಿಟ್ಟೆ? ಒಂದು ವಾಲ್ವಿನ ಸಿಟ್ಟಿಗೆ?

ಭಾಲ್ಕಿ ದಾಟಿ ಸ್ವಲ್ಪ ದೂರ ಹೋಗಿದ್ದರು. ಮುಂದಿನಿಂದ ಹೊಗೆ ಎದ್ದು ಜೀಪು ನಿಂತಿತು. ಡ್ರೈವರು ಇಳಿದು ಬಾನೆಟ್ ಎತ್ತಿ ತಲೆ ಕೆರೆದುಕೊಂಡ. ಇಪ್ಪತ್ತೈದೂ ದಾಟಿರಲಿಲ್ಲ. ಮಚ್ಛೇಂದ್ರ ಇಳಿದು ಹೋಗಿ ಒಂದೇ ನೋಟ ನೋಡಿದ.

"ಫ್ಯಾನ್ ಬೆಲ್ಟ್ ಹೋಗೇದ. ಇನ್ನೊಂದು ಇಟ್ಟೀಯೇನು?"

"ಇಲ್ರಿ ಅಜ್ಜಾ. ಗ್ಯಾರೇಜಿನವನಿಗಿ ಫೋನ್ ಮಾಡ್ತೇನಿ."

"ಬೆಲ್ಟ್ ಬೇಕಾಗಿಲ್ಲ. ಒಂದು ಗಟ್ಟಿ ಹಗ್ಗ ಕೊಡು. ಬಿಗಿದು ಕಮಲನಗರ ತನಕ ಒಯ್ತೇನಿ. ಭಾಲ್ಕಿ ಡಿಪೋದಾಗ ಮೂವತ್ನಾಕ್ ವರ್ಷ..."

"ಹೌದ್ರಿ ಅಜ್ಜಾ," ಎಂದ ಡ್ರೈವರು, ಫೋನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಿಂದ ರಸ್ತೆ ಬದಿಯ ಬೇವಿನ ಮರ ತೋರಿಸುತ್ತ. "ನೀವು ಅಲ್ಲಿ ನೆರಳಾಗ ಕೂಡ್ರಿ. ಬಿಸಿಲು ಹತ್ತೀತು."

"ನಮ್ಮ ಆತ್ಯಾ ಸತ್ತಾಳೋ! ಎರಡಕ್ಕ ಒಯ್ತಾರ!"

"ಹೋಗಾಮ್ರಿ ಅಜ್ಜಾ, ಎಲ್ಲಾರೂ ಹೋಗಾಮು."

ಮರದ ಕೆಳಗೆ ಕೂತ ಇತರರು ಅವನನ್ನು ಕರುಣೆಯಿಂದ ನೋಡಿ ನೀರಿನ ಬಾಟಲಿ ಮುಂದೆ ಹಿಡಿದರು. ಮಚ್ಛೇಂದ್ರ ರಸ್ತೆಯ ಮಧ್ಯೆ ನಿಂತು, ತಾನು ಕೈ ಹಚ್ಚಿದರೆ ಹತ್ತು ನಿಮಿಷದ ಕೆಲಸಕ್ಕೆ ಗ್ಯಾರೇಜಿನವನು ಬರುವ ತನಕ ಒಂದು ತಾಸು ಐದು ನಿಮಿಷ ಕಾದ. ಮೈಯೆಲ್ಲ ಉರಿಯುತ್ತಿತ್ತು, ಬಿಸಿಲಿಗಲ್ಲ.

ಕಮಲನಗರದಿಂದ ಆಟೋ ಹಿಡಿದು ಕೊಂಡಿವಾಡಿಯ ಅಗಸೆಬಾಗಿಲಲ್ಲಿ ಇಳಿದಾಗ ಎರಡೂವರೆ. ಓಣಿಯಲ್ಲಿ ಯಾರೂ ಇರಲಿಲ್ಲ. ಸುಭದ್ರಾಬಾಯಿಯ ಅಂಗಳ ತೊಳೆದಿತ್ತು. ಹೊರಸು ಗೋಡೆಗೆ ನಿಲ್ಲಿಸಿತ್ತು. ದೂರದಿಂದ, ನಾಲೆಯ ದಾರಿಯಿಂದ, ಬುದ್ಧನಿಗೆ ಶರಣೆನ್ನುವ ತ್ರಿಸರಣ ಹೇಳುವ ದನಿ ಕೇಳಿತು. ಬರಿ ಹೆಂಗಸರ ದನಿ. ಯಾರು ಎತ್ತಿದರು? ಅವನು ಓಡತೊಡಗಿದ. ಓಡುವುದೆಂದರೆ ಈ ಒಂದು ತಿಂಗಳಲ್ಲಿ ಮರೆತುಹೋದಂತಿತ್ತು; ಎದೆ ಬಡಿದುಕೊಂಡಿತು.

ಊರ ಹೊರಗೆ ಸಿಕ್ಕಿದರು. ಚಟ್ಟದ ಮುಂದೆ ಎಡಗಡೆಯ ಬಿದಿರಿಗೆ ಹೆಗಲು ಕೊಟ್ಟವಳು ಸುಮನ. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಅವಳ ಜೋಡಿಗೆ ಬಲಗಡೆ ಅಂಗನವಾಡಿಯ ಗುಲಶನ. ಹಿಂದಿನ ಎರಡು ಹೆಗಲು ಕೆಳಗಿನ ಓಣಿಯ ವಾರಗಿತ್ತಿಯರದು. ನಾಲ್ವರಿಗೂ ನಲವತ್ತರ ಒಳಗೆ ಹೊರಗೆ. ಅವರ ಹಿಂದೆ ಇನ್ನೂ ಆರೇಳು ಹೆಂಗಸರು, ಹೆಗಲು ಬದಲಿಸಲು ಸಿದ್ಧವಾಗಿ. ಮಚ್ಛೇಂದ್ರ ಆ ಮುಖಗಳನ್ನು ಒಂದೊಂದಾಗಿ ನೋಡಿದ. ದಾರಿಯುದ್ದಕ್ಕೂ ಮೂವತ್ತೆಂಟು ಮನೆ ಹೊಕ್ಕು ಬಂದಿದ್ದನಲ್ಲ, ಇವರೆಲ್ಲ ಆ ಮನೆಗಳಲ್ಲೇ ಇದ್ದವರು.

ಏದುಸಿರು ಬಿಡುತ್ತ ಮುಂದೆ ಹೋಗಿ ಸುಮನಳ ಪಕ್ಕ ಬಿದಿರಿಗೆ ಕೈ ಹಚ್ಚಿದ. "ಬದಿಗಿ ಸರಿಯವ್ವಾ. ಬಂದೀನಿ, ನಾ ಹಿಡೀತೇನಿ."

"ಕಾಕಾ, ನಿಮಗ ದಮ್ಮು ಹತ್ತೇದ. ಹಿಂದ ಬರ್ರಿ."

"ಗಂಡಸು ಇದ್ದೂ ಇರಲಾರದಂಗ... ಮಂದಿ ಏನಂದಾರು? ಸರಿ ಅಂತೇನಿ."

ಸುಮನ ನಿಲ್ಲಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಆದರೆ ದನಿ ಬಿರುಸಾಯಿತು. "ಹತ್ತು ವರ್ಷ ಎತ್ತಿ ಕೂಡಿಸೀನಿ, ಎತ್ತಿ ಮಲಗಿಸೀನಿ. ಈ ಭಾರ ನನಗ ಗೊತ್ತದ ಕಾಕಾ. ಕೈ ತಗೀರಿ, ಹೆಜ್ಜಿ ತಪ್ತದ."

ಅವನು ಕೈ ತೆಗೆದ. ಹೆಂಗಸರು ಅವನನ್ನು ದಾಟಿ ಮುಂದೆ ಹೋದರು. ಅವನು ಹಿಂದೆ ಹೆಜ್ಜೆ ಹಾಕಿದ. ನಾಲ್ಕು ಮಾರು ಹೋಗುವುದರಲ್ಲಿ ಎದೆ ಒಡೆಯುವಂತಾಯಿತು. ನಾಲೆಗೆ ಕಟ್ಟಿದ, ಅರ್ಧ ಕುಸಿದ ಮೋರಿಯ ಗೋಡೆಯ ಮೇಲೆ ನಜಮೋದ್ದೀನ ಮೊಣಕಾಲು ಒತ್ತಿಕೊಳ್ಳುತ್ತ ಕೂತಿದ್ದ. ಇಲ್ಲಿಯವರೆಗೆ ನಡೆದು ಬಂದು ಮುಂದೆ ಆಗದೆ ಕೂತಿರಬೇಕು. ಮಚ್ಛೇಂದ್ರನನ್ನು ಕಂಡು ಸ್ವಲ್ಪ ಸರಿದು, ಪಕ್ಕದ ಕಲ್ಲನ್ನು ಅಂಗೈಯಿಂದ ಒರೆಸಿದ. ಮಚ್ಛೇಂದ್ರ ಕೂತ.



"ನಾವು ಬ್ಯಾಡ ಅಂದ್ವಿ" ಎಂದ ನಜಮೋದ್ದೀನ ಕಡೆಗೆ. "ಟ್ರ್ಯಾಕ್ಟರ್ ತರಸಾಮು, ಇಲ್ಲಾಂದ್ರ ಮಚ್ಛೇಂದ್ರ ಬರಲಿ ಅಂದ್ವಿ. ಕೇಳ್ಬೇಕಲ್ಲ. 'ನಿಮ್ಮ ನೀರಿಗಿ ನಾ ಆಗ್ತೇನಿ, ನನ್ನ ಅತ್ತಿಗಿ ಆಗಂಗಿಲ್ಲೇನು' ಅಂದ್ಳು. ಏನಂತ ಹೇಳಬೇಕು?"

"ನೀರಿಂದು ಹ್ಯಾಂಗ ಆಕಿ ಕೈಗಿ ಹೋತು?"

"ನೀ ಹೋಗಿ ಎಂಟು ದಿನಕ್ಕ ಮೋಟರ್ ಬಂದ್ ಬಿತ್ತು. ನಾವು ಐದ್ ಮಂದಿ ನಿಂತು ನೋಡ್ಲತ್ತೀವಿ. ಆಕಿ ಬಂದು ಫ್ಯೂಜ್ ಹಾಕಿ ಚಾಲೂ ಮಾಡಿ ಹೋದ್ಳು. ನಿನಗ ಇದು ಬರ್ತಿತ್ತು ಅಂತ ಮೊದಲೇ ಯಾಕ ಹೇಳ್ಲಿಲ್ಲವ್ವಾ ಅಂದೆ. 'ನೀವು ಕೇಳಿದ್ದು ಯಾವಾಗ?' ಅಂದ್ಳು." ನಜಮೋದ್ದೀನ ಮೊಣಕಾಲು ಒತ್ತುವುದನ್ನು ನಿಲ್ಲಿಸಿದ. "ಮರುದಿನಾನೇ ಪಂಚಾಯತಿಗಿ ಹೋಗಿ ಅರ್ಜಿ ಕೊಟ್ಟಾಳ, ನೀರುಗಂಟಿ ಜಾಗಾ ಖಾಲಿ ಅದಲ್ಲ, ನನಗ ಕೊಡ್ರಿ ಅಂತ. ಕೊಟ್ರು. ಮುಂಜಾನಿ ಏಳರಿಂದ ಒಂಬತ್ತು. ಅದರಾಚಿಗಿ ಫೋನ್ ಮಾಡಿದ್ರ ಎತ್ತಂಗಿಲ್ಲ ನೋಡು."

ಎತ್ತುವುದಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ ಇದು ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡ ಮಚ್ಛೇಂದ್ರ. ಅವನಿಗೆ ಸಿಟ್ಟು ಬಂತು. ಯಾರ ಮೇಲೆಂದು ಹುಡುಕಿದರೆ ಯಾರೂ ಸಿಗಲಿಲ್ಲ.

ನಾಲೆಯಲ್ಲಿ ನೀರಿರಲಿಲ್ಲ. ಹೆಂಗಸರು ಒಣ ಕಲ್ಲುಗಳ ಮೇಲೆ ಕಾಲಿಡುತ್ತ, ಒಬ್ಬರಿಗೊಬ್ಬರು "ಜರಾ ಸಾವಕಾಶ, ಬಲಕ್ಕ, ಬಲಕ್ಕ" ಎನ್ನುತ್ತ ಆಚೆ ದಂಡೆಗೆ ದಾಟುತ್ತಿದ್ದರು. ಏರಿನ ಮೇಲೆ ಎರಡು ಬೇವಿನ ಮರಗಳು, ಅವುಗಳ ಹಿಂದೆ ಕಟ್ಟಿಗೆ ಒಟ್ಟಿದ್ದು ಕಾಣುತ್ತಿತ್ತು.

"ಮಚ್ಛೇಂದ್ರಾ," ನಜಮೋದ್ದೀನ ದನಿ ತಗ್ಗಿಸಿದ. ಕೇಳಿಸಿಕೊಳ್ಳುವವರು ಯಾರೂ ಇರದಿದ್ದರೂ. "ಆಕಿ ಮಗಳು ಬೀದರದಾಗ, ಇವತ್ತು ಪರೀಕ್ಷಾ ಅಂತ ಬಂದಿಲ್ಲ. ನರ್ಸಿಂಗ್ ಮುಗಿಲಿಕ್ಕಿ ಬಂದದಂತ. ಇಷ್ಟು ದಿನ ಮುದುಕಿ ಇದ್ದಳು ಅಂತ ಇಲ್ಲಿದ್ದಳು. ಈಗ... ಇರ್ತಾಳ ಅಂತೀಯೇನು?"

ಮಚ್ಛೇಂದ್ರ ಆಚೆ ದಂಡೆಯ ಕಡೆ ನೋಡಿದ.

ಆಚೆ ದಂಡೆಯ ಏರಿನ ಬುಡದಲ್ಲಿ ಹೆಂಗಸರು ನಿಂತರು. ಹಿಂದಿನವಳೊಬ್ಬಳು ಹೆಗಲು ಕೊಡಲು ಮುಂದೆ ಬಂದಳು. ಸುಮನ ತಲೆಯಲ್ಲಾಡಿಸಿದಳು. ಮೊಣಕಾಲು ತುಸು ಬಗ್ಗಿಸಿ, ಬಿದಿರನ್ನು ಕೆಳಗಿಳಿಸದೆ, ಕತ್ತಿನ ಹಿಂದಿನಿಂದ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಸಾಗಿಸಿಕೊಂಡಳು. ಖಾಲಿಯಾದ ಕೈಯಿಂದ ಮುಖದ ಬೆವರು ಒರೆಸಿಕೊಂಡು ಹಿಂದೆ ಊರಿನ ಕಡೆ ಒಮ್ಮೆ ನೋಡಿ ಏರು ಹತ್ತತೊಡಗಿದಳು.